ಉಪ್ಪು ಬಂತು ಎನ್ನುವವರು

ಮಾಸ್ತಿಯಣ್ಣ ದೋಣಿಯ ಮೂತಿಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಬಲಗೈಯ ಎರಡು ಬೆರಳನ್ನು ನೀರಿಗೆ ಅದ್ದಿ, ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚುತ್ತಿದ್ದರು. ಅವರ ಹಿಂದೆ ಆರು ದೋಣಿಗಳು ಕಾಯುತ್ತಿದ್ದವು. ದಡದ ನೀರಿನಲ್ಲಿ ಬೆಳೆದ ಕಾಂಡ್ಲ ಗಿಡಗಳ ಬೇರಿನ ಸಂದಿಯಲ್ಲಿ ಏಡಿಗಳು ಕೆಸರು ಕೆರೆಯುವ ಸದ್ದು ಕೂಡ ಆಗ ಕೇಳಿಸುತ್ತಿತ್ತು. ಆಮೇಲೆ ಅವರು ಕಣ್ಣು ತೆರೆದು, ಯಾರ ಮುಖವನ್ನೂ ನೋಡದೆ, "ಉಪ್ಪು ಬಂತು" ಎನ್ನುತ್ತಿದ್ದರು. ಏಳು ಬಿದಿರಿನ ಗಳಗಳು ಒಟ್ಟಿಗೆ ಕೆಸರಿಗೆ ಇಳಿಯುತ್ತಿದ್ದವು.

ನಾವು ಆ ಊರಿಗೆ ಹೋದದ್ದು ಶಾಲೆಯ ಕೆಲಸದ ಮೇಲೆ. ನನ್ನ ಗಂಡ ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ಮಳೆಗಾಲ ಮುಗಿದು ನವರಾತ್ರಿ ಕಳೆದ ಮೇಲೆ ಅಲ್ಲಿಯ ಹಿನ್ನೀರು ತಿಳಿಯಾಗುತ್ತದೆ. ಸಮುದ್ರದ ನೀರು, ನದಿ ಕಡಲನ್ನು ಸೇರುವ ಅಳಿವೆಯಿಂದ ಒಳಗೆ ಬಂದು, ಕಾಂಡ್ಲ ಗಿಡಗಳ ನಡುವಿನ ಆಳವಿಲ್ಲದ ಹರವಿನಲ್ಲಿ ಮೆಲ್ಲಗೆ ತುಂಬಿಕೊಳ್ಳುತ್ತದೆ. ಅದರ ಜೊತೆಗೇ ಕಾಣೆ, ಕೆಂಬೇರಿ ಮೀನುಗಳು ಮೇಯಲು ಬರುತ್ತವೆ. ವಾರವೆಲ್ಲ ಕಡಲಿನಲ್ಲಿ ಬಲೆ ಹಾಕುವ ಅಂಬಿಗರು ಆ ಎರಡು ತಿಂಗಳು ಭಾನುವಾರ ಮಾತ್ರ ಹಿನ್ನೀರಿಗೆ ಬಂದು ಗಾಳ ಹಾಕುತ್ತಿದ್ದರು. ಅದು ತಮ್ಮ ಮನೆಯ ಸಾರಿಗೆ, ತಮ್ಮ ಸಂತೋಷಕ್ಕೆ. ನನ್ನ ಗಂಡನಿಗೆ ಗಾಳದ ಹುಚ್ಚು. ಮಾಸ್ತಿಯಣ್ಣ ಅವರನ್ನು ತಮ್ಮ ದೋಣಿಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಮೊದಲ ವರ್ಷ ನಾನು ಮನೆಯಲ್ಲೇ ಇದ್ದು, ಅವರು ಹಿಂದಿರುಗುವವರೆಗೆ ಒಂದೇ ಪಾತ್ರೆಯನ್ನು ಮೂರು ಸಲ ತೊಳೆಯುತ್ತಿದ್ದೆ. ಎರಡನೆಯ ವರ್ಷ, ಮನೆಯಲ್ಲಿ ಕೂತು ಹೆದರುವುದಕ್ಕಿಂತ ದೋಣಿಯಲ್ಲಿ ಕೂತು ಹೆದರುವುದೇ ಮೇಲೆಂದು ತೀರ್ಮಾನಿಸಿದೆ.

"ಅಕ್ಕೋರೆ, ಇದು ಸೊಂಟದುದ್ದ ನೀರು. ಇದ್ರಲ್ಲಿ ಮುಳುಗೂಕೂ ಕಷ್ಟಪಡ್ಬೇಕು," ಎಂದು ಹಿಂದಿನ ದೋಣಿಯ ಹೊನ್ನಪ್ಪ ಮೊದಲ ದಿನವೇ ಹೇಳಿದ.

"ಯಾರ ಸೊಂಟ ಅಂತ ನೀನು ಹೇಳಲಿಲ್ಲ," ಎಂದೆ.

ಆರು ದೋಣಿಯವರೂ ನಕ್ಕರು. ಹೊನ್ನಪ್ಪ ಎಲ್ಲರಿಗಿಂತ ಒಂದು ಮೊಳ ಎತ್ತರದ ಆಳು.

"ಬಿಡಾ ಹೊನ್ನಪ್ಪ," ಮಾಸ್ತಿಯಣ್ಣ ಗಳ ಊರುತ್ತ ಹೇಳಿದರು. "ದೋಣಿಲಿ ಹೆದ್ರೂರು ಒಬ್ರು ಇರ್ಬೇಕು. ಎಲ್ಲಾರೂ ಧೈರ್ಯದೋರೇ ಆದ್ರೆ ದೋಣಿ ಕಾಯೂರು ಯಾರು?"

ದೋಣಿಗಳು ಹೊರಡುವ ಆ ದಕ್ಕೆಯಲ್ಲಿ ಒಂದು ಪದ್ಧತಿಯಿತ್ತು. ಉಬ್ಬರದ ಹೊತ್ತನ್ನು ತಿಥಿ ನೋಡಿ ಯಾರೂ ಅಂದಾಜು ಮಾಡಬಹುದು. ಆದರೆ ಪ್ರತಿ ಮಳೆಗಾಲವೂ ಅಳಿವೆಯ ಮರಳುದಿಬ್ಬವನ್ನು ಬೇರೆ ಕಡೆಗೆ ಸರಿಸುತ್ತದೆ. ಉಪ್ಪುನೀರು ಒಳಗೆ ಬರುವುದು ಅರ್ಧ ಗಂಟೆ ಮುಂಚೆಯೋ, ಒಂದು ಗಂಟೆ ತಡವೋ, ಹೇಳಲಾಗದು. ಬೇಗ ಹೊರಟರೆ ದೋಣಿ ಕೆಸರಿನಲ್ಲಿ ಕೂರುತ್ತದೆ. ತಡವಾದರೆ ಮೀನು ಮೇದು ಹೋಗಿರುತ್ತದೆ. ಅದಕ್ಕಾಗಿ ಮೊದಲ ದೋಣಿಯವರು ನೀರಿನ ರುಚಿ ನೋಡಬೇಕು. ಮಳೆಯ ನೀರು ಪೂರ್ತಿ ಹರಿದುಹೋಗದ ಆ ದಿನಗಳಲ್ಲಿ ಸಪ್ಪೆಗೂ ಉಪ್ಪಿಗೂ ನಡುವೆ ಇರುವುದು ಕೂದಲೆಳೆಯಷ್ಟು ವ್ಯತ್ಯಾಸ. ಅವರು ಹೇಳುವವರೆಗೆ ಬೇರೆ ಯಾರೂ ನೀರಿಗೆ ಕೈ ಹಾಕುವಂತಿಲ್ಲ. ಎರಡು ನಾಲಿಗೆ ತಾಗಿದರೆ ನೀರು ಮುನಿಯುತ್ತದೆ ಎಂಬುದು ಅವರ ನಂಬಿಕೆ.

ಮಾಸ್ತಿಯಣ್ಣನ ತಂದೆಯೂ ರುಚಿ ನೋಡುವವರಾಗಿದ್ದರಂತೆ. ಒಂದು ವರ್ಷ ಎರಡು ಸಲ ತಪ್ಪು ಹೇಳಿದ ಮೇಲೆ ದೋಣಿಯನ್ನು ದಡಕ್ಕೆ ಎಳೆದು ತಾವೇ ಕವುಚಿ ಹಾಕಿದರಂತೆ. "ಆಮೇಲೆ ಹನ್ನೊಂದು ವರ್ಷ ಅಪ್ಪ ಅಂಗಳದಲ್ಲಿ ಬಲೆ ಹೊಲೀತಾ ಕೂತಿದ್ರು. ಊಟಕ್ಕೆ ಏಳಿ ಅನ್ನೂದು ಬಿಟ್ರೆ ಯಾರೂ ಅವ್ರನ್ನ ಏನೂ ಕೇಳ್ಳಿಲ್ಲ," ಎಂದು ಮಾಸ್ತಿಯಣ್ಣ ಒಮ್ಮೆ ಹೇಳಿದ್ದರು. ಹೇಳುವಾಗ ಅವರ ಗಳ ಒಂದು ಕ್ಷಣ ನೀರಿನಲ್ಲೇ ನಿಂತುಬಿಟ್ಟಿತ್ತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಪದ್ಧತಿಯನ್ನು ನಾನು ಮುರಿಯುತ್ತಿದ್ದೆ. ಮಾಸ್ತಿಯಣ್ಣನ ಮೇಲಿನ ಅಪನಂಬಿಕೆಯಿಂದಲ್ಲ. ಬೀಗ ಹಾಕಿದ ಬಾಗಿಲನ್ನು ಎರಡು ಸಲ ಎಳೆದು ನೋಡುವವಳು ನಾನು. ದೋಣಿಯ ಅಂಚಿನ ಮೇಲೆ ಸೆರಗು ಇಳಿಬಿಟ್ಟು, ಅದರ ಮರೆಯಲ್ಲಿ ಬೆರಳು ಅದ್ದಿ, ಬಾಯಿ ಒರೆಸಿಕೊಳ್ಳುವವಳಂತೆ ನಾಲಿಗೆಗೆ ಮುಟ್ಟಿಸುತ್ತಿದ್ದೆ. ಮೊದಮೊದಲು ಕೆಸರಿನ ವಾಸನೆಯ ಹೊರತು ಏನೂ ತಿಳಿಯಲಿಲ್ಲ. ಎರಡು ಶರತ್ಕಾಲ ಕಳೆಯುವ ಹೊತ್ತಿಗೆ, ಮಾಸ್ತಿಯಣ್ಣ "ಬಂತು" ಎನ್ನುವ ಮುಂಚೆಯೇ ಅದು ನನ್ನ ನಾಲಿಗೆಗೆ ಬಂದಿರುತ್ತಿತ್ತು.

ಅದರ ಮುಂದಿನ ಮಳೆಗಾಲದಲ್ಲಿ ಮಾಸ್ತಿಯಣ್ಣ ಜೋರು ಜ್ವರದಿಂದ ಇಪ್ಪತ್ತು ದಿನ ಮಲಗಿದರು. ನವರಾತ್ರಿಯ ನಂತರ ದೋಣಿ ಇಳಿಸುವಾಗ ಸ್ವಲ್ಪ ಬಡಕಲಾಗಿದ್ದರು, ಅಷ್ಟೆ. ಮೊದಲ ಭಾನುವಾರ ಎರಡು ಬೆರಳು ಅದ್ದಿದರು, ಕಣ್ಣು ಮುಚ್ಚಿದರು, "ಉಪ್ಪು ಬಂತು" ಎಂದರು. ಬಂದಿತ್ತು. ಆದರೆ ಕಣ್ಣು ಮುಚ್ಚುವ ಮುಂಚೆ ಅವರು ಒಮ್ಮೆ ಕಾಂಡ್ಲದ ಬೇರುಗಳ ಕಡೆ ನೋಡಿದ್ದನ್ನು ನಾನು ಕಂಡೆ. ಬೇರಿನ ಮೇಲೆ ಒದ್ದೆ ಗೆರೆ ಎಷ್ಟು ಏರಿದೆ ಎಂದು ಅಳೆಯುವ ನೋಟ ಅದು. ಹಿಂದೆ ಅವರು ಹಾಗೆ ನೋಡಿದ್ದಿಲ್ಲ.

ಚಹಾದ ಪ್ರಸಂಗ ನಡೆದದ್ದು ಅದೇ ದಿನ. ನಾನು ಫ್ಲಾಸ್ಕಿನಲ್ಲಿ ಸಕ್ಕರೆಯಿಲ್ಲದ ಚಹಾ ಒಯ್ದು ದೋಣಿಯಲ್ಲೇ ಸಕ್ಕರೆ ಬೆರೆಸುತ್ತಿದ್ದೆ. ಹಿಡಿದ ಮೀನಿಗೆ ಸವರಲು ಉಪ್ಪಿನ ಡಬ್ಬಿಯೂ ಜೊತೆಗಿರುತ್ತಿತ್ತು. ಎರಡೂ ಒಂದೇ ಬಗೆಯ ತಗಡಿನ ಡಬ್ಬಿ. ದೋಣಿ ಒಮ್ಮೆ ಓಲಾಡಿದ ಗಾಬರಿಯಲ್ಲಿ ಡಬ್ಬಿ ಅದಲುಬದಲಾಯಿತು. ಎರಡೆರಡು ಚಮಚ ಹಾಕಿ ಇಬ್ಬರಿಗೂ ಲೋಟ ಕೊಟ್ಟೆ. ನನ್ನ ಗಂಡ ಮೊದಲ ಗುಟುಕಿಗೇ ಮುಖ ಕಿವುಚಿ ಚಹಾವನ್ನು ನೀರಿಗೆ ಉಗುಳಿದರು. ಮಾಸ್ತಿಯಣ್ಣ ನಮಗೆ ಬೆನ್ನು ಹಾಕಿ ಮೂತಿಯಲ್ಲಿ ಕೂತಿದ್ದರು. ಲೋಟ ಖಾಲಿ ಮಾಡಿ, ನೀರಿನಲ್ಲಿ ಗಲಬರಿಸಿ, ಹಿಂದಕ್ಕೆ ಚಾಚಿದರು.

"ಚಾ ಚೊಲೋ ಇತ್ತು, ಅಕ್ಕೋರೆ."

ನನ್ನ ಗಂಡ ಮನೆಗೆ ಬಂದ ಮೇಲೆ ಹೊಟ್ಟೆ ಹಿಡಿದು ನಕ್ಕರು. "ಎಂಥ ಮರ್ಯಾದಸ್ಥರು ನೋಡು! ನಿನಗೆ ಬೇಜಾರಾಗಬಾರದು ಅಂತ ಒಂದು ತೊಟ್ಟೂ ಬಿಡದೆ ಕುಡಿದರಲ್ಲ!"

ನಾನೂ ನಕ್ಕೆ. ಆದರೆ ಮರ್ಯಾದೆಗಾಗಿ ಕುಡಿಯುವವರ ಗಂಟಲು ಒಂದು ಸಲವಾದರೂ ತಡೆಯುತ್ತದೆ. ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ. ಎಲ್ಲಿಯೂ ತಡೆದಿರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾಸ್ತಿಯಣ್ಣ ಮರುದಿನವೇ ದೋಣಿಯನ್ನು ದಡಕ್ಕೆ ಎಳೆದು, ತಂದೆ ಕೂತ ಅಂಗಳದಲ್ಲಿ ತಾವೂ ಕೂರುತ್ತಾರೆ. ಹೇಳದಿದ್ದರೆ ಆರು ದೋಣಿಗಳು ರುಚಿಯಿಲ್ಲದ ನಾಲಿಗೆಯ ಹಿಂದೆ ಹೋಗುತ್ತವೆ. ಎರಡು ವಾರ ನಾನು ತರಗತಿಯಲ್ಲಿ ಪಾಠ ಹೇಳುತ್ತ ಹೇಳುತ್ತ ನಡುವೆ ನಿಂತುಬಿಡುತ್ತಿದ್ದೆ.

ಮೂರನೆಯ ಭಾನುವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಹಿಂದಿನ ದಿನ ಘಟ್ಟದ ಮೇಲೆ ಚಿತ್ತಾ ಮಳೆ ಹುಯ್ದದ್ದು ನಮಗಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ದಕ್ಕೆ ಇರುವುದು ನದಿಯಿಂದ ಒಳಕ್ಕೆ, ಒಂದು ತಿರುವಿನ ಹಿಂದೆ. ಅಲ್ಲಿ ನೀರು ಏರುವುದು ಕಾಣುತ್ತದೆ, ಹರಿಯುವುದು ಕಾಣುವುದಿಲ್ಲ. ಆ ದಿನ ಅದು ಏರುತ್ತಿತ್ತು. ಕಾಂಡ್ಲದ ಬೇರಿನ ಮೇಲಿನ ಒದ್ದೆ ಗೆರೆ ಗೇಣುದ್ದ ಮೇಲಿತ್ತು.

ಸೆರಗಿನ ಮರೆಯಲ್ಲಿ ನನ್ನ ಬೆರಳು ಆಗಲೇ ನಾಲಿಗೆ ಮುಟ್ಟಿತ್ತು. ಸಪ್ಪೆ. ಬಾವಿಯ ನೀರಿನಷ್ಟು ಸಪ್ಪೆ. ಏರುತ್ತಿದ್ದುದು ಸಮುದ್ರವಲ್ಲ, ಮೇಲಿನಿಂದ ಇಳಿಯುತ್ತಿದ್ದ ನದಿ. ತಿರುವು ದಾಟಿದರೆ ಅದು ನಮ್ಮ ಹಗುರ ದೋಣಿಗಳನ್ನು ಅಳಿವೆಯ ಆಚೆಗೆ ಒಯ್ಯುತ್ತಿತ್ತು.

ಮಾಸ್ತಿಯಣ್ಣ ಎರಡು ಬೆರಳು ಅದ್ದಿದರು. ಬೇರುಗಳ ಕಡೆ ನೋಡಿದರು. ಕಣ್ಣು ಮುಚ್ಚಿದರು. ತುಟಿ ತೆರೆಯಿತು.

"ನನಗೆ ಹೆದರಿಕೆಯಾಗ್ತಿದೆ!" ಎಂದು ಕೂಗಿದೆ. "ನಾನು ಇಳೀತೇನೆ. ಈ ನೀರಿಗೆ ನಾನು ಬರೋದಿಲ್ಲ, ಮಾಸ್ತಿಯಣ್ಣ. ಈ ನೀರು ಬೇಡ."

ಹಿಂದಿನಿಂದ ನಗು ಎದ್ದಿತು. "ಶುರುವಾತು, ಮತ್ತೆ ಸೊಂಟದ ಲೆಕ್ಕ!" ಎಂದ ಹೊನ್ನಪ್ಪ. ನನ್ನ ಗಂಡ ಮುಜುಗರದಿಂದ, "ಏನಿದು, ಎಲ್ಲರೆದುರು?" ಎಂದು ಪಿಸುಗುಟ್ಟಿ ಕೈ ಹಿಡಿದೆಳೆದರು.

ಮಾಸ್ತಿಯಣ್ಣ ಕಣ್ಣು ತೆರೆದು ನನ್ನನ್ನು ನೋಡಿದರು. ನನ್ನ ಒದ್ದೆ ಬೆರಳು ಇನ್ನೂ ಕೆಳತುಟಿಯ ಮೇಲೆಯೇ ಇತ್ತು. ಅವರ ನೋಟ ಆ ಬೆರಳಿನ ಮೇಲೆ ನಿಂತಿತು. ಆಮೇಲೆ ಅವರು ಗಳವನ್ನು ದೋಣಿಯೊಳಗೆ ಅಡ್ಡ ಮಲಗಿಸಿದರು.

"ಅಕ್ಕೋರಿಗೆ ಹೆದ್ರಿಕೆ ಬಂದದೆ. ಕೂತ್ಕಣಿ ಎಲ್ಲಾರೂ."

"ನೀರು ಏರ್ತಾ ಅದೆ ಅಣ್ಣ!" ಎಂದ ಹೊನ್ನಪ್ಪ.

"ಏರ್ಲಿ. ಉಪ್ಪು ಬಂತು ಅಂತ ನಾ ಹೇಳ್ದೆನಾ?"

ಹೊನ್ನಪ್ಪ ಗೊಣಗಿ ಬೀಡಿ ಹಚ್ಚಿದ. ಆ ಬೀಡಿ ಮುಗಿಯುವ ಮುಂಚೆ, ತಿರುವಿನ ಆಚೆ, ಗಿಡಗಳ ಸಂದಿಯಲ್ಲಿ ದೂರಕ್ಕೆ ಕಾಣುವ ನದಿಯ ತುಂಡಿನಲ್ಲಿ ಒಂದು ಇಡೀ ಬಿದಿರಿನ ಮೆಳೆ ಬುಡ ಮೇಲಾಗಿ ತಿರುಗುತ್ತ ಹೋಯಿತು. ಅದರ ಹಿಂದೆ ಯಾವುದೋ ಕೊಟ್ಟಿಗೆಯ ಹುಲ್ಲು ಹೊದಿಸಿದ ಮಾಡು. ಹೊನ್ನಪ್ಪನ ಬೀಡಿ ಬೆರಳಲ್ಲೇ ಆರಿತು.

ಎಲ್ಲರೂ ಮನೆಗೆ ಹೊರಟ ಮೇಲೆ, ನನ್ನ ಗಂಡ ದಡದಲ್ಲಿ ಗಾಳದ ದಾರ ಸುತ್ತುತ್ತಿದ್ದಾಗ, ಮಾಸ್ತಿಯಣ್ಣ ಗಳ ತೊಳೆಯುವ ನೆಪದಲ್ಲಿ ನನ್ನ ಬಳಿ ನಿಂತರು.

"ಅಕ್ಕೋರೆ, ಅವತ್ತಿನ ಚಾ..."

"ಉಪ್ಪಾಗಿತ್ತು," ಎಂದೆ. ಸುತ್ತಿ ಬಳಸಿ ಹೇಳುವ ಮಾತುಗಳು ನನ್ನಲ್ಲಿ ಬೇಕಾದಷ್ಟಿದ್ದವು. ಅವರೆದುರು ಯಾವುದೂ ಸರಿಯೆನಿಸಲಿಲ್ಲ.

"ಮಾಸ್ತರ್ರು ಉಗುಳಿದ್ದು ಕೇಳ್ತು. ಎಂತಕೆ ಅಂತ ತಿಳೀಲಿಲ್ಲ. ನಂಗೆ ಬಿಸಿ ಅಂತ ಮಾತ್ರ ಗೊತ್ತಾಯ್ತು." ಅವರು ಗಳದ ತುದಿಯ ಕೆಸರನ್ನು ಹೆಬ್ಬೆರಳಿನಿಂದ ತೆಗೆಯುತ್ತ ಹೇಳಿದರು. "ಜ್ವರ ಹೋಗೂವಾಗ ನಾಲಿಗೆನೂ ತಕಂಡು ಹೋಯ್ತು. ಮನೇಲಿ ಅವ್ಳಿಗೂ ಹೇಳ್ಳಿಲ್ಲ. ಸಾರು ಸಪ್ಪೆಯಾದ್ರೂ ಉಣ್ತೆ, ಉಪ್ಪಾದ್ರೂ ಉಣ್ತೆ. ಗಂಡ ಮುದುಕಾದ ಮೇಲೆ ಒಳ್ಳೆಯವ ಆದ ಅಂತ ಅವ್ಳಿಗೆ ಖುಷಿ."

ಇಬ್ಬರೂ ನಕ್ಕೆವು.

"ನೀವು ಎಷ್ಟು ದಿವ್ಸದಿಂದ ನೀರಿಗೆ ಬೆರಳು ಹಾಕ್ತಾ ಇದ್ರಿ?"

"ದೋಣಿ ಹತ್ತಿದಾಗಿನಿಂದ."

"ಕಳ್ಳಿ!" ಎಂದರು. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ಆಮೇಲೆ ದೋಣಿಯನ್ನು ಬಹಳ ಹೊತ್ತು ನೋಡಿ, ತೀರ್ಪು ನನ್ನ ಕೈಯಲ್ಲಿದೆಯೆಂಬಂತೆ ಕೇಳಿದರು: "ಹಂಗಾರೆ ಕವುಚಿ ಹಾಕೂದಾ?"

"ಮುಂದಿನ ಭಾನುವಾರ ಹೇಗೂ ನಾನು ದೋಣಿಯಲ್ಲಿ ಇರ್ತೇನಲ್ಲ," ಎಂದೆ.

ಹೀಗೆ ನಮ್ಮ ಒಪ್ಪಂದವಾಯಿತು. ಮಾಸ್ತಿಯಣ್ಣ ಎಂದಿನಂತೆ ಎರಡು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸುತ್ತಿದ್ದರು. ಕಣ್ಣು ಮಾತ್ರ ಮುಚ್ಚುತ್ತಿರಲಿಲ್ಲ. ಮೂತಿಯಲ್ಲಿ ಕೂತಲ್ಲಿಂದ ನನ್ನ ಕಡೆ ನೋಡುತ್ತಿದ್ದರು. ನಾನು ಸೆರಗಿನಿಂದ ಬಾಯಿ ಒರೆಸಿ, ಕಂಡೂ ಕಾಣದಂತೆ ತಲೆಯಾಡಿಸುತ್ತಿದ್ದೆ. "ಉಪ್ಪು ಬಂತು." ಹಿಂದಿನವರು ಎಲ್ಲಿ ಕಂಡುಬಿಡುತ್ತಾರೋ ಎಂದು ಪ್ರತಿ ಸಲವೂ ಹೆದರುತ್ತಿದ್ದೆ. ತಲೆಯಾಡಿಸಿದ ಕೂಡಲೇ ಹಿಂದಿರುಗಿ ನೋಡುತ್ತಿದ್ದೆ. ಒಮ್ಮೆಯೂ ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ. ನಮ್ಮ ಅದೃಷ್ಟ ಎಂದುಕೊಂಡೆ.

ಒಂದು ಭಾನುವಾರ ನಾನು ಕಾಯಿಲೆ ಬಿದ್ದು ಹೋಗಲಾಗಲಿಲ್ಲ. ಆ ದಿನ ಏಳು ದೋಣಿಗಳೂ ಹೊರಡಲಿಲ್ಲವೆಂದು ನನ್ನ ಗಂಡ ಬಂದು ಹೇಳಿದರು. ಹೊನ್ನಪ್ಪನಿಗೆ ಸೊಂಟ ನೋವಂತೆ, ಇನ್ನೊಬ್ಬನ ಗಳ ಸೀಳಿತ್ತಂತೆ, ಮತ್ತೊಬ್ಬನ ಮನೆಗೆ ನೆಂಟರಂತೆ. ಅದನ್ನೂ ನಂಬಿದೆ.

ಐದು ಶರತ್ಕಾಲ ಹಾಗೆ ಕಳೆಯಿತು. ಆರನೆಯ ಮಳೆಗಾಲದಲ್ಲಿ ಮಾಸ್ತಿಯಣ್ಣ ನಿದ್ದೆಯಲ್ಲೇ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮರುದಿನ ಹೊನ್ನಪ್ಪ ಮತ್ತು ಉಳಿದವರು ಅವರ ದೋಣಿಯನ್ನು ದಡಕ್ಕೆ ಎಳೆದು ಕವುಚಿ ಹಾಕಿದರು. ನಾನು ನೋಡುತ್ತ ನಿಂತಿದ್ದೆ. ಉಳಿದವರು ಹೋದ ಮೇಲೆ ಹೊನ್ನಪ್ಪನನ್ನು ಕರೆದೆ. ಸತ್ತವರ ಗುಟ್ಟನ್ನು ಹೇಳುವುದು ಸರಿಯೋ ತಪ್ಪೋ ಎಂದು ರಾತ್ರಿಯೆಲ್ಲ ತೂಗಿ ನೋಡಿದ್ದೆ. ಇನ್ನು ಮುಂದೆ ರುಚಿ ನೋಡಬೇಕಾದವನು ಅವನು. ಐದು ವರ್ಷ ತಾನು ಯಾರ ನಾಲಿಗೆಯ ಹಿಂದೆ ಬಂದೆನೆಂದು ಅವನಿಗೆ ತಿಳಿದಿರಬೇಕು ಎನಿಸಿತು.

"ಹೊನ್ನಪ್ಪ, ಮಾಸ್ತಿಯಣ್ಣನ ನಾಲಿಗೆ..."

"ಗೊತ್ತದೆ, ಅಕ್ಕೋರೆ."

"ಯಾವಾಗಿನಿಂದ?"

"ಬಿದಿರು ಮೆಳೆ ತೇಲ್ಕಂಡು ಹೋಯ್ತಲ್ಲ, ಅವತ್ತಿಂದ." ಅವನು ಕವುಚಿದ ದೋಣಿಯ ಹಗ್ಗ ಬಿಗಿಯುತ್ತಿದ್ದ. "ನೀವು ತಲೆ ಆಡ್ಸೂದು ಆರು ದೋಣಿಗೂ ಕಾಣ್ತಿತ್ತು. ನಡುವೆ ಎಂತ ಗೋಡೆ ಇತ್ತಾ?"

"ಮತ್ತೆ ಯಾರೂ ಯಾಕೆ ಹೇಳಲಿಲ್ಲ?"

ಹೊನ್ನಪ್ಪ ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ. "ಹೇಳಿದ್ರೆ ಇದನ್ನ ಅವತ್ತೇ ಕವುಚಿ ಹಾಕ್ತಿದ್ರಲ್ಲ ಅಣ್ಣ," ಎಂದ.

ಎಲ್ಲವನ್ನೂ ಕಾಯುತ್ತೇನೆ, ಎಲ್ಲವನ್ನೂ ಗಮನಿಸುತ್ತೇನೆ ಎಂದುಕೊಂಡವಳು ನಾನು. ಹಿಂದಿರುಗಿ ನೋಡಿದಾಗಲೆಲ್ಲ ನನ್ನ ಕಣ್ಣಿಗೆ ಬಿದ್ದದ್ದು ಏನೆಂದು ಆಗಷ್ಟೇ ಅರ್ಥವಾಯಿತು. 'ಬಂತು' ಎನ್ನುವ ಮಾತು ಬರುವವರೆಗೂ ಹೊನ್ನಪ್ಪ ಕಡ್ಡಿ ಗೀರದೆ ಬೀಡಿಗೆ ಕೈ ಮರೆ ಮಾಡಿ ಬಗ್ಗಿರುತ್ತಿದ್ದ. ಒಬ್ಬ ಬಿಗಿಯಾಗಿಯೇ ಇದ್ದ ಪಂಚೆಯನ್ನು ಬಿಚ್ಚಿ ಕಟ್ಟುತ್ತಿದ್ದ. ಒಬ್ಬ ಒಂದು ಹಕ್ಕಿಯೂ ಇಲ್ಲದ ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದ. ಆರು ದೋಣಿಗಳ ಮುಖಗಳೂ ಆರು ಕಡೆಗೆ ತಿರುಗಿರುತ್ತಿದ್ದವು. ಮುಂದೆ, ದೋಣಿಯ ಮೂತಿಯಲ್ಲಿ, ಮಾಸ್ತಿಯಣ್ಣನ ಎರಡು ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.