ರಕ್ತ ಬೀಳುವ ತನಕ

ನನ್ನ ಗಂಡ ಎವಾರಿಸ್ತೊ, ಇನ್ನೇನು ಹೊತ್ತಿಕೊಳ್ಳಲಿದ್ದ ಎರಡು ದೇಶಗಳ ಯುದ್ಧವನ್ನು ಬರೀ ಮಾತಿನಲ್ಲೇ ತಣ್ಣಗಾಗಿಸಿದವರು. ರಾಯಭಾರಿಯಾಗಿದ್ದರು, ಮಂತ್ರಿಯಾಗಿದ್ದರು. ವಯಸ್ಸಾದ ಮೇಲೆ ಮಾಟೆ ಎಲೆಯ ಕಷಾಯ ಹೀರಿಕೊಂಡು ತೆಪ್ಪಗೆ ಮನೆಯಲ್ಲಿ ಕೂರಬಾರದಿತ್ತೇ? ಇಲ್ಲ, ಮೊಂಟೆವಿಡಿಯೊದಲ್ಲಿ ಪಕ್ಷದ ಪತ್ರಿಕೆಗೆ ಸಂಪಾದಕರಾದರು. ಒಂದು ದಿನ ಸಿಟ್ಟು ನೆತ್ತಿಗೇರಿ, ಬಂದರಿನ ಗುತ್ತಿಗೆ ವಿಷಯದಲ್ಲಿ ಸೆನೆಟರ್ ತದೇಯೊಗೆ ನಾಚಿಕೆಯೇ ಇಲ್ಲವೆಂದು ಬರೆದುಬಿಟ್ಟರು. ತದೇಯೊ ಎದುರು ಪಕ್ಷದವನು ನಿಜ, ಆದರೆ ಇವರ ಬಾಲ್ಯದ ಗೆಳೆಯ. ನಮ್ಮ ಮಗಳ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು. ಮನೆ ನಮ್ಮೆದುರಿಗೇ.

ನಮ್ಮೂರಿನ ಗಂಡಸರು ಇಂಥದ್ದಕ್ಕೆಲ್ಲ ಕೋರ್ಟಿಗೆ ಹೋಗುವುದಿಲ್ಲ. ಅವಮಾನವಾದವನು ದ್ವಂದ್ವಯುದ್ಧಕ್ಕೆ ಕರೆಯಲೇಬೇಕು, ತದೇಯೊನೂ ಕರೆದ. ಎರಡೂ ಕಡೆಯಿಂದ ಇಬ್ಬಿಬ್ಬರು ಪ್ರತಿನಿಧಿಗಳು ನೇಮಕವಾಗುತ್ತಾರೆ. ಅಲ್ಲಿಂದಾಚೆ ಜಗಳ ಆ ನಾಲ್ವರ ಸ್ವತ್ತು. ಜಗಳವಾಡಿದವರು ತಮ್ಮತಮ್ಮಲ್ಲಿ ಒಂದು ಮಾತೂ ಆಡುವಂತಿಲ್ಲ. ಆಡಿದರೆ ಹೇಡಿ ಎಂದು ಊರೆಲ್ಲ ಉಗಿಯುತ್ತದೆ.

ನಮ್ಮ ಕಡೆಯ ಪ್ರತಿನಿಧಿಗಳಲ್ಲೊಬ್ಬ ಕರ್ನಲ್ ಉರ್ಕಿಯೋಲಾ ಬಂದು ಕೂತ. ನಾನು ಮಾಡಿದ ಕಡುಬನ್ನೆಲ್ಲ ಒಂದೂ ಬಿಡದೆ ತಿಂದ. ತಾನು ಬರೆದದ್ದು ಹೆಚ್ಚಾಯಿತು, ಕ್ಷಮೆಯ ಒಂದು ಸಾಲು ಬರೆದು ತನ್ನಿ, ಸಹಿ ಹಾಕುತ್ತೇನೆ ಎಂದು ಇವರು ಕೇಳಿಕೊಂಡರು. ಎದುರಿಗೆ ಚುನಾವಣೆ ಇತ್ತಲ್ಲ, ಆತ ಒಪ್ಪಲಿಲ್ಲ.

"ನಿಮ್ಮ ಮಾನ ಈಗ ನಿಮ್ಮೊಬ್ಬರದಲ್ಲ, ಪಕ್ಷದ್ದು," ಎಂದು ಬಾಯಿ ಒರೆಸಿಕೊಂಡ. ಪಿಸ್ತೂಲು, ಯಾರದಾದರೂ ರಕ್ತ ಬೀಳುವ ತನಕ. ಹಾಗೆಂದು ನಾಲ್ವರೂ ಬರೆದುಕೊಂಡರು. ಆ ಕಡುಬು ಅವನ ಗಂಟಲಿಗೆ ಸಿಕ್ಕಿಕೊಳ್ಳಲಿಲ್ಲವಲ್ಲ ಎಂದು ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಮರುದಿನ ಮಧ್ಯಾಹ್ನ ತದೇಯೊನ ಹೆಂಡತಿ ರೆಮೆದಿಯೊಸ್ ಹಿತ್ತಿಲ ಬಾಗಿಲಿನಿಂದ ನನ್ನ ಅಡುಗೆಮನೆಗೆ ಬಂದಳು. 

"ಹಸಿಂತಕ್ಕಾ, ನಮ್ಮೋರಿಗೂ ಇದು ಬೇಡ್ವಂತೆ. ಆಕಾಶಕ್ಕೆ ಹೊಡೀತೀನಿ ಅಂದಿದ್ದಾರೆ. ನಿಮ್ಮೋರ ಕಿವಿಗೆ ಹಾಕಿ."

ನಾನು ಹೋಗಿ ಹೇಳಿದೆ. ಇವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ತಾನೂ ಹಾಗೇ ಮಾಡುವೆನೆಂದು ಹೇಳಿ ಕಳಿಸಿದರು. ನನಗೆ ತಡೆಯಲಾಗಲಿಲ್ಲ.

"ಇಬ್ರಿಗೂ ಬೇಡ ಅಂದ್ಮೇಲೆ ಹೋಗೋದ್ಯಾಕ್ರೀ? ರಸ್ತೆ ದಾಟಿ ಒಂದ್ಸಲ ಅಪ್ಕೊಂಡು ಬನ್ನಿ, ಮುಗೀತು."

"ಆಗಲ್ಲ ಕಣೆ," ಎಂದರು. "ಯುದ್ಧ ನಿಲ್ಸಿದಾಗ ಎರಡು ಸರ್ಕಾರದ ಪರವಾಗಿ ನಾನೇ ಮಾತಾಡ್ದೆ. ಈಗ ನನ್ನ ಪರವಾಗಿ ನಾನೇ ಮಾತಾಡೋ ಹಾಗಿಲ್ಲ."

ಮರುದಿನ ಬೆಳಿಗ್ಗೆ ಊರಾಚೆಯ ಬಯಲಿನಲ್ಲಿ ಇಬ್ಬರೂ ಮಾತಿಗೆ ತಪ್ಪದೆ ಆಕಾಶಕ್ಕೆ ಹೊಡೆದರು. ಅಷ್ಟಕ್ಕೇ ಬಿಟ್ಟಿದ್ದರೆ! ರಕ್ತ ಬಿದ್ದಿಲ್ಲ, ಬರೆದದ್ದು ಬರೆದದ್ದೇ ಎಂದು ಕರ್ನಲ್ ಪಿಸ್ತೂಲುಗಳಿಗೆ ಮತ್ತೆ ಗುಂಡು ತುಂಬಿಸಿದ. ರಕ್ತ ಬೀಳದೆ ಈ ಜನ ಮನೆಗೆ ಬಿಡುವುದಿಲ್ಲವೆಂದು ಇವರಿಗೆ ಅರ್ಥವಾಯಿತು. ತದೇಯೊನ ತೋಳು ಒಂದಿಷ್ಟು ಗೀರಿದರೆ ಸಾಕು, ಎಲ್ಲ ಮುಗಿಯುತ್ತದೆ ಎಂದುಕೊಂಡರು. ಲೇಖನಿ ಬಿಟ್ಟು ಬೇರೇನೂ ಹಿಡಿದು ಗೊತ್ತಿಲ್ಲದ ಕೈ ಅದು. ಗುಂಡು ಎದೆಯ ಕೆಳಗೆ ಹೊಕ್ಕಿತು, ಅಲ್ಲೇ ಜೀವ ಹೋಯಿತು. ತದೇಯೊ ಎರಡನೇ ಸಲವೂ ಆಕಾಶಕ್ಕೇ ಹೊಡೆದಿದ್ದ.

ಇವರು ಮನೆಗೆ ಬಂದಾಗ ನಾನು ಮೈಯೆಲ್ಲ ಮುಟ್ಟಿ ನೋಡಿದೆ. ಒಂದು ಗೀರೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಮೊದಲು ನನಗಾದದ್ದು ಸಂತೋಷವೇ. "ತೋಳಿಗೆ ಗುರಿ ಇಟ್ಟಿದ್ದೆ ಕಣೆ," ಎಂದರು. ಮತ್ತೆ ಅದನ್ನೇ ಅಂದರು. ಆಮೇಲೆ ನಡೆದದ್ದನ್ನೆಲ್ಲ ಹೇಳಿದರು. 

ಶಾಲು ಹೊದ್ದು ಬರಿಗಾಲಲ್ಲೇ ರಸ್ತೆ ದಾಟಿದೆ. ಆ ಮನೆಯ ಬಾಗಿಲಲ್ಲಿ ಅವರ ಕಡೆಯ ಪ್ರತಿನಿಧಿಗಳಿಬ್ಬರು ನಿಂತಿದ್ದರು. ನನ್ನನ್ನು ಕಂಡು ಟೋಪಿ ತೆಗೆದರು. ನಡೆದದ್ದರ ವರದಿಗೆ ನಾಲ್ವರದೂ ಸಹಿ ಬೀಳುವವರೆಗೆ ಎರಡು ಮನೆಯವರು ಭೇಟಿಯಾಗುವಂತಿಲ್ಲ, ಮನ್ನಿಸಬೇಕು ತಾಯಿ ಎಂದರು. ಕರ್ನಲ್ ಊಟ ಮುಗಿಸಿ ಬಂದು ಸಹಿ ಹಾಕುತ್ತಾರಂತೆ.

"ದಾರಿ ಬಿಡ್ರಪ್ಪಾ," ಎಂದೆ. ತಲೆ ತಗ್ಗಿಸಿದರೇ ಹೊರತು ಇಬ್ಬರೂ ಕದಲಲಿಲ್ಲ.

ಒಳಗೆ ರೆಮೆದಿಯೊಸ್‌ಗೆ ನನ್ನ ದನಿ ಕೇಳಿಸಿರಬೇಕು. ಹಸಿಂತಕ್ಕಾ, ಹಸಿಂತಕ್ಕಾ ಎಂದು ಕರೆಯತೊಡಗಿದಳು.