ಗೋಲ್ಡಿ ಬಾರಿನ ಜೋಡಿಗಳು

ಪೋಸ್ಟರ್ ನೋಡಿದ ಕೂಡಲೇ ನನ್ನ ಮೈಯೆಲ್ಲ ಉರಿದುಹೋಯಿತು. ಮಿಲ್ವಾಕಿಯಲ್ಲಿ ನಮ್ಮಂಥವರಿಗೆ ಅಂತ ಇದ್ದದ್ದು ಗೋಲ್ಡಿಯ ಬಾರು. ಅದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದಾಗ ಒಬ್ಬನೂ ಕೆಮ್ಮಲಿಲ್ಲ. ಈಗ ನೋಡಿ, ಗೇ ಬಾರಿನ ನೆನಪು ಅಂತ ಊರಿಗೆ ಊರೇ ಪ್ರೀತಿ ಉಕ್ಕಿಸುತ್ತಿದೆ. ಗ್ರಂಥಾಲಯದ ಗೋಡೆಗೆ ಆಳೆತ್ತರದ ಪೋಸ್ಟರ್ ಅಂಟಿಸಿದ್ದಾರೆ. ಅದರಲ್ಲಿ ಕುಣಿಯುವ ಜೋಡಿಗಳು, ಕೆಳಗೆ ದಪ್ಪಕ್ಷರದಲ್ಲಿ 'ಇಲ್ಲಿ ನಾವು ನಾವಾಗಿದ್ದೆವು' ಎಂಬ ಸಾಲು.

ಅಪ್ಪಟ ಸುಳ್ಳು! ಚಿತ್ರದಲ್ಲಿ ನಾನು ಲೆರಾಯ್‌ನ ತೋಳಿನಲ್ಲಿದ್ದೇನೆ. ನನ್ನ ಪ್ರೇಯಸಿ ಬರ್ನಿಸ್, ಲೆರಾಯ್‌ನ ಪ್ರಿಯಕರ ಹ್ಯೂಗೋನ ತೋಳಿನಲ್ಲಿ. ಎಲ್ಲ ಜೋಡಿಯಲ್ಲೂ ಒಂದು ಗಂಡು, ಒಂದು ಹೆಣ್ಣು. ಚರ್ಚಿನ ಪಾದ್ರಿ ನೋಡಿದರೆ ಹರಸಿಯಾನು.

ಈ ನೆನಪಿನ ಕಾರ್ಯಕ್ರಮದ ಏರ್ಪಾಟು ವಹಿಸಿಕೊಂಡಿದ್ದ ಕೋಲ್ಟನ್‌ನನ್ನು ಪಕ್ಕಕ್ಕೆಳೆದೆ. ಅವನೂ ನಮ್ಮವನೇ, ಗಂಡನ ಜೊತೆ ಬಂದಿದ್ದ.

"ಏನಪ್ಪಾ, ನಿಂಗೆ ಇದೇ ಫೋಟೋ ಸಿಕ್ತಾ?"

"ಯಾಕೆ ಇರ್ಮಾ? ಎಷ್ಟು ಖುಷಿಯಾಗಿದ್ದೀರ ನೋಡಿ!"

"ಖುಷಿ, ನಿನ್ ತಲೆ! ಪೊಲೀಸ್ರು ಬಾಗ್ಲಿಗೆ ಬಂದ್ರೆ ಗೋಲ್ಡಿ ಕೆಂಪು ದೀಪ ಹಾಕ್ತಿದ್ಲು. ದೀಪ ಕಂಡ ತಕ್ಷಣ ನಾವು ಗಂಡಿಗೊಂದು ಹೆಣ್ಣು ಅಂತ ಜೋಡಿ ಬದಲಾಯಿಸ್ಕೋಬೇಕು, ಇಲ್ದಿದ್ರೆ ಜೈಲು. ಇದು ಪೊಲೀಸ್ರ ಹಿಂದೇನೇ ನುಗ್ಗಿದ ಪೇಪರ್‌ನವನು ಹೊಡೆದ ಫೋಟೋ ಕಣಯ್ಯಾ. ನಾವು ಹಲ್ಲು ಕಿರಿದಿರೋದು ಹೆದರಿಕೆಗೆ!"

ಅವನ ಮುಖ ಸಪ್ಪಗಾಯಿತು. "ಬೇರೆ ಫೋಟೋ ಒಂದೂ ಸಿಗ್ಲಿಲ್ಲ."

"ಹೇಗ್ ಸಿಗುತ್ತೆ? ನಾವು ನಾವಾಗಿದ್ದಾಗ ಯಾವನನ್ನ ಕ್ಯಾಮೆರಾ ತಗೊಂಡು ಒಳಗೆ ಬಿಡ್ತಿದ್ವಿ? ಬರ್ನಿಸ್ ನೋಡೋಕ್ ಮುಂಚೆ ಇಳಿಸು ಅದನ್ನ. ಅವಳಿಗೆ ಎಲ್ಲಾ ಮರ್ತುಹೋಗ್ತಿದೆ. ಗುರುತು ಉಳಿದಿರೋದು ನಂದೊಂದೇ."

"ಭಾಷಣ ಮುಗೀಲಿ ಇರ್ಮಾ, ಆಮೇಲೆ ನೋಡೋಣ."

ಆಮೇಲೆ! ಆ ಮಾತು ಕೇಳಿ ಕೇಳಿಯೇ ನಮ್ಮ ಆಯಸ್ಸು ಸವೆದಿದೆ. ಬಾಯಿಗೆ ಬಂದಂತೆ ಬಯ್ಯಬೇಕೆಂದುಕೊಂಡೆ. ಅಷ್ಟರಲ್ಲಿ ಬರ್ನಿಸ್ ಕುರ್ಚಿಯಿಂದೆದ್ದು ಬಂದು, ಎಂದಿನಂತೆ ನನ್ನ ಕೈ ಹಿಡಿದುಕೊಂಡಳು. ತಲೆಯೆತ್ತಿ ಗೋಡೆಯ ಮೇಲಿನ ಪೋಸ್ಟರ್ ನೋಡಿದಳು.

ಕೆಂಡ ಮುಟ್ಟಿದವಳ ಹಾಗೆ ಕೈ ಕಿತ್ತುಕೊಂಡಳು. ಕೋಲ್ಟನ್‌ನ ಕೊರಳಿಗೆ ತೋಳು ಹಾಕಿ ಪಿಸುಗುಟ್ಟಿದಳು. "ಬೇಗ ಕುಣಿಯೋ! ನಗು, ನಗು. ಆ ಹೆಂಗಸು ಯಾರು ಅಂತ ಕೇಳಿದ್ರೆ ಗೊತ್ತಿಲ್ಲ ಅನ್ನು."

ಕೋಲ್ಟನ್ ಬೆಪ್ಪಾಗಿ ನನ್ನನ್ನು ನೋಡಿದ. ಆಮೇಲೆ ಅವಳ ಜೊತೆ ಹೆಜ್ಜೆ ಹಾಕಿದ, ಕಣ್ಣಲ್ಲಿ ನೀರು ತುಂಬಿಕೊಂಡು. ನಾನು ಪೋಸ್ಟರಿನ ಮೂಲೆ ಹಿಡಿದು ಬಲವಾಗಿ ಎಳೆದೆ. ಅಷ್ಟು ಜನರ ಎದುರೇ ಪರ್ರನೆ ಹರಿದೆ, ಮುದುರಿದೆ, ಕಾಲಲ್ಲಿ ತುಳಿದೆ. ಒಬ್ಬರೂ ತಡೆಯಲಿಲ್ಲ.

"ಹೋದ್ರು ಕಣೇ ಪೊಲೀಸ್ರು, ಬಾ," ಎಂದು ಅವಳಿಗೆ ಕೈ ಚಾಚಿದೆ.

ಅವಳು ಹಲ್ಲು ಕಿರಿದುಕೊಂಡೇ ಇದ್ದಳು.

"ಕ್ಷಮಿಸಿ ಮೇಡಂ," ಎಂದಳು, "ನಿಮ್ಮನ್ನ ನಾನು ಎಲ್ಲೂ ನೋಡಿಲ್ಲ."