ಬೆರೆತದ್ದಕ್ಕೆ ಪುರಾವೆ

ಕಲಾವಿದರನ್ನು ಹೊರದೇಶಗಳಿಗೆ ಕಳಿಸುವ ತಿರುವನಂತಪುರದ ಒಂದು ಸರಕಾರಿ ಕಚೇರಿಯಲ್ಲಿ ಕಮಲಾಕ್ಷ ಇಪ್ಪತ್ತಾರು ವರ್ಷಗಳಿಂದ ದುಡಿಯುತ್ತಿದ್ದರು. ಊರು ಕಾಸರಗೋಡು. ಮನೆಯಲ್ಲಿ ಕಮಲಾಕ್ಷ, ಕಚೇರಿಯಲ್ಲಿ ಕಮಲಾಕ್ಷನ್. ಚೆಂಡೆಗೂ ಮದ್ದಳೆಗೂ ಇರುವ ವ್ಯತ್ಯಾಸ ಬಲ್ಲ ಒಬ್ಬನೇ ಗುಮಾಸ್ತ ಎಂಬ ಕಾರಣಕ್ಕೆ, ಅರ್ಜಿ ಹಾಕಿದವರ ಸಂಗೀತ ಕೇಳಿ ವರದಿ ಬರೆಯುವ ಕೆಲಸ ಅವರ ಕೊರಳಿಗೆ ಬಿದ್ದಿತ್ತು.

ಆ ವರ್ಷ ಕೊಚ್ಚಿಯಿಂದ ಜೀವಿತಾ ಸಾಲಿನ್ಸ್ ಎಂಬವಳ ಅರ್ಜಿ ಬಂತು. ವಯಸ್ಸು ಇಪ್ಪತ್ತೊಂಬತ್ತು, ಐಟಿ ಪಾರ್ಕಿನಲ್ಲಿ ಕೆಲಸ. ವಾದ್ಯ ಪಿಯಾನೊ. ಶೈಲಿ ಎಂಬಲ್ಲಿ 'ಜಾಝ್ ಮತ್ತು ಸ್ಪೇನಿನ ಫ್ಲಮೆಂಕೊ, ಬೆರೆಸಿ' ಎಂದಿತ್ತು. ಹೋಗಬೇಕಾದ ಊರು ಸ್ಪೇನಿನ ಸೆವಿಲ್. ನಿರ್ದೇಶಕ ಮನೋಜ್ 'ಬೆರೆಸಿ' ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆದರು.

"ಕಮಲಾಕ್ಷನ್, ಹೋಗಿ ಖಾತ್ರಿ ಮಾಡಿಕೊಂಡು ಬನ್ನಿ. ನಿಯಮ ಏಳರ ಪ್ರಕಾರ ಸಮ್ಮಿಶ್ರ ಸಂಗೀತದಲ್ಲಿ ಎರಡೂ ಶೈಲಿ ಸ್ಪಷ್ಟವಾಗಿ ಕಾಣಬೇಕು."

ಕಮಲಾಕ್ಷ ರೈಲಿನಲ್ಲಿ ಕೂತು ದಾರಿಯುದ್ದಕ್ಕೂ ಮೊಬೈಲಿನಲ್ಲಿ ಎರಡೂ ಬಗೆಯ ಸಂಗೀತ ಕೇಳಿದರು. ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಗೀಚಿ, ಒಂದರ ಮೇಲೆ 'ಜಾ' ಎಂದೂ ಇನ್ನೊಂದರ ಮೇಲೆ 'ಫ್ಲ' ಎಂದೂ ಬರೆದುಕೊಂಡರು.

ಮಟ್ಟಾಂಚೇರಿಯ ಹಳೆಯ ಶುಂಠಿ ಗೋದಾಮೊಂದನ್ನು ಕೆಫೆ ಮಾಡಿದ್ದರು. ಶನಿವಾರ ಮಧ್ಯಾಹ್ನ ಜೀವಿತಾ ಅಲ್ಲಿ ಬಾರಿಸುತ್ತಿದ್ದಳು. ಮೊದಲ ಎರಡು ನಿಮಿಷ ಕಮಲಾಕ್ಷ ಶ್ರದ್ಧೆಯಿಂದ ಗುರುತು ಹಾಕಿದರು. ಆಮೇಲೆ ಅವಳ ಎಡಗೈ ಹನ್ನೆರಡು ಎಣಿಕೆಯ ಒಂದು ತಾಳ ಹಿಡಿಯಿತು. ಬಲಗೈ ಅದರ ಮೇಲೆ ಅಡ್ಡಾಡುತ್ತ, ಬೀಳುವಂತೆ ಮಾಡಿ ಬೀಳದೆ, ಎಲ್ಲಿಗೋ ಹೋಗಿ ಬರುತ್ತಿತ್ತು. ಮರದ ನೆಲಕ್ಕೆ ಅವಳ ಹಿಮ್ಮಡಿ ಬಡಿಯುತ್ತಿತ್ತು. ಬಾರಿಸಿ ಮುಗಿದಾಗ ಕಮಲಾಕ್ಷರ ಚಹಾದ ಮೇಲೆ ಕೆನೆ ಕಟ್ಟಿತ್ತು. ನೋಟ್‌ಬುಕ್ಕಿನಲ್ಲಿ ಒಟ್ಟು ನಾಲ್ಕು ಗುರುತುಗಳಿದ್ದವು.

"ಮಂಗಳೂರಾ?" ಸಾಲಿನ್ಸ್ ಎಂಬ ಹೆಸರಿನ ಜಾಡು ಹಿಡಿದು ಕಮಲಾಕ್ಷ ಕನ್ನಡದಲ್ಲೇ ಕೇಳಿದರು.

"ಹೌದು ಸರ್. ಅಪ್ಪ ಇಗರ್ಜಿಯಲ್ಲಿ ಆರ್ಗನ್ ನುಡಿಸ್ತಿದ್ರು. ಹೇಗಾಯ್ತು?"

"ಒಳ್ಳೇದಾಯ್ತು. ಆದ್ರೆ ನಂಗೊಂದು ಕಷ್ಟ ಉಂಟು. ಜಾಝ್ ಎಲ್ಲಿ ಮುಗೀತು, ಫ್ಲಮೆಂಕೊ ಎಲ್ಲಿ ಶುರುವಾಯ್ತು?"

"ಗೊತ್ತಾಗ್ಲೇ ಇಲ್ವಾ?" ಅವಳ ಮುಖ ಅರಳಿತು. "ಅಷ್ಟು ಮಾಡ್ಲಿಕ್ಕೆ ಆರು ವರ್ಷ ಬೇಕಾಯ್ತು ಸರ್."

"ಅದೇ ಕಷ್ಟ ಮಾರಾಯ್ರೆ. ಗೊತ್ತಾಗ್ಬೇಕಂತೆ."

'ಎರಡೂ ಶೈಲಿಗಳು ಬೇರ್ಪಡಿಸಲಾಗದಷ್ಟು ಬೆರೆತಿವೆ. ಶಿಫಾರಸು ಮಾಡಿದೆ' ಎಂದು ಕಮಲಾಕ್ಷ ವರದಿ ಬರೆದರು. ಮನೋಜ್ ಅದನ್ನು ಮೂರು ಸಲ ಓದಿದರು.

"ಬೇರ್ಪಡಿಸಲು ಆಗದಿದ್ದರೆ ಅದು ಒಂದೇ ಶೈಲಿ ಆಯಿತಲ್ಲ? ಒಂದೇ ಆದರೆ ಸಮ್ಮಿಶ್ರ ಹೇಗಾಗುತ್ತದೆ?"

ಆ ಮಾತಿನಲ್ಲಿ ತಪ್ಪೇ ಇರಲಿಲ್ಲ. ಸಂಗೀತವೊಂದು ಇರಲಿಲ್ಲ, ಅಷ್ಟೇ.

ಜೀವಿತಾಳನ್ನು ತಿರುವನಂತಪುರಕ್ಕೆ ಕರೆಸಿದರು. ಮೂವರ ಸಮಿತಿಯ ಎದುರು ಅವಳು ಮಟ್ಟಾಂಚೇರಿಯಲ್ಲಿ ಬಾರಿಸಿದ್ದಕ್ಕಿಂತ ಚೆನ್ನಾಗಿ ಬಾರಿಸಿದಳು. ಸಮಿತಿಯ ಹಿರಿಯರು ಕನ್ನಡಕ ಒರೆಸಿಕೊಂಡು, "ಎಲ್ಲಾ ಸರಿ ಮೋಳೇ, ಮಗಳೇ, ಇದರಲ್ಲಿ ಸ್ಪೇನ್ ಯಾವುದು?" ಎಂದರು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಕೇಳುವುದೆಂದು ತೀರ್ಮಾನವಾಯಿತು.

ಕಮಲಾಕ್ಷ ಅವಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಬಾಳೆಹಣ್ಣಿನ ಪಳಂಪೊರಿ ಬಜ್ಜಿ ತರಿಸಿದರು. ಅವಳು ಮುಟ್ಟಲಿಲ್ಲ.

"ನೋಡಿ, ಮೊದ್ಲು ಬರೀ ಜಾಝ್ ಬಾರಿಸಿ. ನಿಲ್ಲಿಸಿ. ಹತ್ತು ಸೆಕೆಂಡ್ ಸುಮ್ನೆ ಕೂತ್ಕೊಳ್ಳಿ. ಮತ್ತೆ ಬರೀ ಫ್ಲಮೆಂಕೊ ಬಾರಿಸಿ."

"ಆಗ ಬೆರೆಸಿದ್ದೆಲ್ಲಿ ಸರ್?"

"ಫೈಲಿನಲ್ಲಿ."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಇದು ಸರಿ ಅಂತ ನಿಮ್ಗೆ ಕಾಣ್ತದಾ?"

"ಇಲ್ಲ. ಆದ್ರೆ ಸೆವಿಲ್‌ನ ಗಿಟಾರಿನವ್ರ ಎದುರು ಒಮ್ಮೆ ಬಾರಿಸ್ಬೇಕು ಅಂತ ಅರ್ಜಿಯಲ್ಲಿ ಬರ್ದಿದ್ದೀರಲ್ಲ."

ಅವಳು ಹಾಗೆಯೇ ಮಾಡಿದಳು. ನಡುವಿನ ಆ ಹತ್ತು ಸೆಕೆಂಡಿನಲ್ಲಿ ಸಮಿತಿಯ ಮೂವರೂ ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. "ಈಗ ನೋಡಿ, ಬೆರೆತದ್ದು ಎಷ್ಟು ಸ್ಪಷ್ಟವಾಗಿ ಕೇಳಿಸಿತು!" ಎಂದರು ಹಿರಿಯರು. ಮೂವರೂ ಸಹಿ ಹಾಕಿದರು.

ಮನೋಜ್‌ಗೆ ಈ ಮಾದರಿ ಬಹಳ ಹಿಡಿಸಿತು. ಸುತ್ತೋಲೆ ಸಿದ್ಧಪಡಿಸುವ ಕೆಲಸ ಕಮಲಾಕ್ಷರಿಗೇ ಬಂತು. 'ಎರಡು ಶೈಲಿಗಳ ನಡುವೆ ಕನಿಷ್ಠ ಹತ್ತು ಸೆಕೆಂಡುಗಳ ಮೌನವಿರತಕ್ಕದ್ದು' ಎಂದು ಅವರೇ ಬರೆದರು. ಮುಂದಿನ ತಿಂಗಳು ಕೊಲ್ಲಂನಿಂದ ಬಂದ ವೀಣೆ ಮತ್ತು ಸ್ಯಾಕ್ಸೊಫೋನಿನ ಜೋಡಿ ವರಾಂಡದಲ್ಲಿ ಸ್ಟಾಪ್‌ವಾಚ್ ಹಿಡಿದು ಮೌನವನ್ನು ಅಭ್ಯಾಸ ಮಾಡುತ್ತಿತ್ತು. ಆ ಜೋಡಿಯ ಕಣ್ಣು ತಪ್ಪಿಸಿ ಕಮಲಾಕ್ಷ ಒಳಗೆ ಹೋದರು.

ಜೀವಿತಾ ಹೊರಡುವ ವಾರ, ಒಂದು ಭಾನುವಾರ, ಕಮಲಾಕ್ಷ ತಮ್ಮಷ್ಟಕ್ಕೆ ತಾವೇ ಕೊಚ್ಚಿಗೆ ಹೋದರು. ಅಂದು ಅವಳ ಕಾರ್ಯಕ್ರಮ ಫೋರ್ಟ್ ಕೊಚ್ಚಿಯ ಒಂದು ಹೋಟೆಲಿನಲ್ಲಿತ್ತು. ಅವರನ್ನು ಕಂಡು ಅವಳು ನಕ್ಕು, ಹಳೆಯ ತುಣುಕನ್ನೇ ಎತ್ತಿಕೊಂಡಳು. ಚೆನ್ನಾಗಿ ಏರುತ್ತಿತ್ತು. ನಟ್ಟನಡುವೆ ಕೈ ಎರಡೂ ಮೇಲೆದ್ದು ನಿಂತುಬಿಟ್ಟವು. ಮುಗಿಯಿತೆಂದುಕೊಂಡು ಪ್ರವಾಸಿಗರು ಚಪ್ಪಾಳೆ ತಟ್ಟಿದರು.

ಜೀವಿತಾಳ ಮುಖ ಕೆಂಪಾಯಿತು. "ಅಲ್ಲಿಯೂ ಸಮಿತಿ ಒಪ್ಪಿದ ಹಾಗೇ ಬಾರಿಸ್ಬೇಕು ಅಂತ ಪತ್ರ ಬಂದಿದೆ ಸರ್. ದಿನಾ ಅದನ್ನೇ ಮಾಡಿ ಮಾಡಿ ಕೈ ತಾನಾಗಿ ನಿಲ್ತದೆ."

ಆ ಪತ್ರಕ್ಕೆ ಸಹಿ ಹಾಕಿದವರು ಕಮಲಾಕ್ಷರೇ. ಅವರು ಎದ್ದು ಹೋಗಿ ಪಿಯಾನೊದ ಪಕ್ಕ ನಿಂತರು. ಅದರ ಮರದ ಮೇಲೆ ಬೆರಳಿನಿಂದ ಹನ್ನೆರಡರ ಎಣಿಕೆ ತಟ್ಟತೊಡಗಿದರು. ತಾಳದಲ್ಲಿ ಅವರ ಕೈ ಎಂದೂ ತಪ್ಪಿದ್ದಿಲ್ಲ.

"ಹ್ಞಾಂ, ಬಾರಿಸಿ. ನಾನು ನಿಲ್ಸುವುದಿಲ್ಲ."

ಆ ಜಾಗ ಬಂದಾಗ ಅವಳ ಕೈ ಮತ್ತೆ ತಡವರಿಸಿತು. ಕಮಲಾಕ್ಷರ ಬೆರಳು ತಟ್ಟುತ್ತಲೇ ಇತ್ತು. ಅವಳು ದಾಟಿದಳು.

ಸೆವಿಲ್‌ನಿಂದ ಅವಳ ಮೆಸೇಜು ಬಂದದ್ದು ಹನ್ನೊಂದು ದಿನಗಳ ಮೇಲೆ: 'ನಿಲ್ಲಿಸದೆ ಬಾರಿಸಿದೆ ಸರ್. ಒಬ್ಬ ಮುದುಕ ಗಿಟಾರಿನವ ಎದ್ದು ಬಂದು ಜೊತೆಗೆ ಕೂತ.'

ಅದೇ ಬೆಳಿಗ್ಗೆ ಅವಳ ಪ್ರವಾಸದ ವರದಿಯ ನಮೂನೆ ತುಂಬಲೆಂದು ಅವರ ಮೇಜಿಗೆ ಬಂದಿತ್ತು. 'ಕಾರ್ಯಕ್ರಮವು ಅನುಮೋದಿತ ಮಾದರಿಯಲ್ಲಿಯೇ ನಡೆಯಿತೇ?' ಎಂಬ ಪ್ರಶ್ನೆಯ ಎದುರು ಕಮಲಾಕ್ಷ, ಇಪ್ಪತ್ತಾರು ವರ್ಷಗಳ ನೌಕರಿಯಲ್ಲಿ ಮೊದಲ ಸಲ ಗೊತ್ತಿದ್ದೇ ಸುಳ್ಳಾಗಿ 'ಹೌದು' ಎಂದು ದುಂಡಗೆ ಬರೆದು, ಕಡತವನ್ನು ಕಟ್ಟಿ ಒಳಗೆ ಕಳಿಸಿದರು.